ಚೆಲ್ಲಿದವರಿಗೆ ನಷ್ಟ, ಕ್ಯಾನಿಗೆ ಸುರಿದವರಿಗೆ ದುಡ್ಡು

ಇವರಿಗೆ,
ಅಧ್ಯಕ್ಷರು, ನಿರ್ದೇಶಕರು ಮತ್ತು ಕಾರ್ಯದರ್ಶಿಗಳು,
ಹಾಲು ಉತ್ಪಾದಕರ ಸಹಕಾರ ಸಂಘಗಳು,
ಉಡುಪಿ ಜಿಲ್ಲೆ

ವಿಷಯ: ಔಷಧ ಕೊಟ್ಟ ದನದ ಹಾಲನ್ನು, ಅದರಲ್ಲಿ ಔಷಧದ ಅಂಶ ಉಳಿದಿರುವಷ್ಟು ದಿನ, ತಡೆದಿಡುವ ಬಗ್ಗೆ, ಮತ್ತು ಆ ನಷ್ಟ ಯಾರ ಪಾಲಿಗೆ ಎನ್ನುವ ಬಗ್ಗೆ.

ಮಾನ್ಯರೇ,

ನಾನು ಬ್ರಹ್ಮಾವರ ತಾಲೂಕಿನ ಒಂದು ಹಳ್ಳಿಯವಳು. ನಮ್ಮ ಹಟ್ಟಿಯಲ್ಲಿ ಕರೆಯುವ ದನ ಮೂರು, ಕಡಸು ಒಂದು, ಕರು ಎರಡು. ಹದಿನಾಲ್ಕು ವರ್ಷದಿಂದ ನಮ್ಮೂರ ಸಂಘಕ್ಕೆ ಎರಡು ಹೊತ್ತು ಹಾಲು ಹಾಕುತ್ತಿದ್ದೇನೆ. ಸಂಘದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರು "ಓ, ಅದು ಅವರ ಊರಿನ ಜಗಳ" ಎಂದು ಪಕ್ಕಕ್ಕಿಡುತ್ತಾರೆ. ನನ್ನ ತವರು ಇರುವುದು ಹೆಬ್ರಿ ಕಡೆ, ತಂಗಿಯ ಗಂಡನ ಮನೆ ಕಾಪು ಹತ್ತಿರ. ಎರಡೂ ಕಡೆ ದನ ಕಟ್ಟಿದವರನ್ನು ಕೇಳಿದ್ದೇನೆ. ಕತೆಯಲ್ಲಿ ದನದ ಹೆಸರು ಬೇರೆ, ಅಷ್ಟೇ.

ಕಳೆದ ವರ್ಷದ ವಾರ್ಷಿಕ ಮಹಾಸಭೆಯಲ್ಲಿ ನಾನೊಂದು ಪ್ರಶ್ನೆ ಕೇಳಿದ್ದೆ. ಲೆಕ್ಕಪತ್ರ ಓದಿ ಆಗಿತ್ತು, ಬೋನಸ್ ಹೇಳಿ ಆಗಿತ್ತು, ಅತಿ ಹೆಚ್ಚು ಹಾಲು ಹಾಕಿದವರಿಗೆ ಸ್ಟೀಲಿನ ಕೊಡಪಾನ ಕೊಟ್ಟೂ ಆಗಿತ್ತು. 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು' ಎಂಬ ಕೊನೆಯ ಸಾಲು ಬರುವಾಗ ಹಿಂದೆ ಕೂತವರು ಊಟದ ಕಡೆಗೆ ಎದ್ದಿದ್ದರು. "ಇಂಜೆಕ್ಷನ್ ಕೊಟ್ಟ ದನದ ಹಾಲನ್ನು ಏಳು ದಿನ ಸಂಘಕ್ಕೆ ಹಾಕಬಾರದು ಅಂತಾದರೆ, ಆ ಏಳು ದಿನದ ದುಡ್ಡು ಯಾರು ಕೊಡುವುದು?" ಎಂದು ಕೇಳಿದೆ. ಮುಂದಿನ ಸಾಲಿನಿಂದ ಒಬ್ಬರು, "ಅಕ್ಕ, ಏಳು ದಿನ ಮನೆಯಲ್ಲಿ ಪಾಯಸ ಮಾಡಿ" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಹಾಗೆ ಹೇಳಿದವರು ಕೆಟ್ಟವರಲ್ಲ, ನಮ್ಮ ಮನೆಯವರ ಸ್ನೇಹಿತರೇ. ಆ ಹಾಲಿನಲ್ಲಿ ಪಾಯಸವನ್ನೂ ಮಾಡಬಾರದು ಎಂದು ಹೇಳುವಷ್ಟರಲ್ಲಿ ವಂದನಾರ್ಪಣೆ ಶುರುವಾಯಿತು. ನಡಾವಳಿ ಪುಸ್ತಕದಲ್ಲಿ ನನ್ನ ಪ್ರಶ್ನೆ ಇಲ್ಲ. ಆಮೇಲೆ ಹೋಗಿ ನೋಡಿಕೊಂಡು ಬಂದಿದ್ದೇನೆ.

ಅವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಎರಡು ವರ್ಷದ ಹಿಂದಿನ ಆಸಾಡಿಯ ಮಳೆಗಾಲ. ನಮ್ಮ ಬೆಳ್ಳಿ ಎರಡನೇ ಕರು ಹಾಕಿ ಎರಡು ತಿಂಗಳಾಗಿತ್ತು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿ, ದಿನಕ್ಕೆ ಹನ್ನೊಂದು ಲೀಟರ್ ಕೊಡುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಕರೆಯಲು ಕೂತಾಗ ಎಡಗಡೆಯ ಹಿಂದಿನ ಮೊಲೆಗೆ ಕೈ ತಾಗಿಸಲು ಬಿಡಲಿಲ್ಲ. ಆ ಭಾಗದ ಕೆಚ್ಚಲು ಬಿಸಿ, ಹಲಸಿನ ಗುಜ್ಜೆಯ ಹಾಗೆ ಗಟ್ಟಿ. ಕರೆದರೆ ಹಾಲಿನಲ್ಲಿ ಚೂರುಚೂರು, ಒಡೆದ ಹಾಲಿನ ಹಾಗೆ. ಕೆಚ್ಚಲು ಬಾವು ಎಂದು ಹೇಳಲು ಡಾಕ್ಟರೇ ಬೇಕಾಗಿರಲಿಲ್ಲ.

ಸರ್ಕಾರಿ ಡಾಕ್ಟರಿಗೆ ಫೋನ್ ಮಾಡಿದೆವು. ಅವರಿಗೆ ಮೂರು ಆಸ್ಪತ್ರೆಯ ಚಾರ್ಜು, ಅವತ್ತು ಎಲ್ಲೋ ದನದ ಹೊಟ್ಟೆಯೊಳಗಿನ ಕರು ತಿರುಗಿಸಲು ಹೋಗಿದ್ದರು. ಸಂಜೆ ಬರುತ್ತೇನೆ ಎಂದರು. ನಮಗೆ ಸಂಜೆಯವರೆಗೆ ತಾಳ್ಮೆ ಇರಲಿಲ್ಲ. ಊರಿನಲ್ಲಿ ಇಂಜೆಕ್ಷನ್ ಕೊಡುವ ಒಬ್ಬರಿದ್ದಾರೆ, ಎಲ್ಲ ಊರಿನಲ್ಲೂ ಇರುವ ಹಾಗೆ. ಅವರನ್ನು ಕರೆಸಿದೆವು. ಬೈಕಿನಲ್ಲಿ ಬಂದರು, ಹಾಲನ್ನು ನೋಡಲಿಲ್ಲ, ಜ್ವರವನ್ನೂ ನೋಡಲಿಲ್ಲ. ಕುತ್ತಿಗೆಗೆ ಎರಡು ಸೂಜಿ ಚುಚ್ಚಿ, ಮೊಲೆಗೆ ಒಂದು ಟ್ಯೂಬ್ ಹಾಕಿ, ಏಳುನೂರು ರೂಪಾಯಿ ತೆಗೆದುಕೊಂಡು ಹೊರಟರು. ಚೀಟಿ ಇಲ್ಲ, ಔಷಧದ ಹೆಸರಿಲ್ಲ. ಗೇಟಿನ ಹತ್ತಿರ ಹೋಗಿ ಕೇಳಿದೆ, "ಹಾಲು ಡೈರಿಗೆ ಹಾಕಬಹುದಾ?" "ಇವತ್ತೊಂದಿನ ಬಿಡಿ, ನಾಳೆಯಿಂದ ಹಾಕಿ. ಉಳಿದ ಮೂರು ಮೊಲೆಯ ಹಾಲಿಗೆ ಏನೂ ಆಗುವುದಿಲ್ಲ" ಎಂದರು.

ನಾಳೆಯಿಂದ ಹಾಕಿದೆ. ಐದು ದಿನ ಹಾಕಿದೆ. ಸಂಘದ ಮೆಷಿನ್ ಫ್ಯಾಟ್ 3.8, ಡಿಗ್ರಿ 28 ಎಂದು ತೋರಿಸಿತು. ಸರಿ ಇತ್ತು. ಆ ಮೆಷಿನ್ ನೋಡುವುದು ಕೊಬ್ಬನ್ನು, ನೀರು ಬೆರೆಸಿದ್ದನ್ನು. ಔಷಧ ಅದರ ಕಣ್ಣಿಗೆ ಬೀಳುವುದಿಲ್ಲ. ಮನಸ್ಸು ತಡೆಯದೆ ಕ್ಯಾನಿನ ಹತ್ತಿರ ನಿಂತಿದ್ದವರಿಗೆ ಹೇಳಿದೆ, "ದನಕ್ಕೆ ಇಂಜೆಕ್ಷನ್ ಆಗಿದೆ." "ಅಷ್ಟು ಹಾಲಿನಲ್ಲಿ ಇದೆಲ್ಲಿ ಗೊತ್ತಾಗ್ತದೆ ಮಾರಾಯ್ತಿ, ಹಾಕಿ ಹಾಕಿ" ಎಂದರು. ಹಿಂದೆ ಎಂಟು ಮಂದಿ ಪಾತ್ರೆ ಹಿಡಿದು ಸಾಲಿನಲ್ಲಿದ್ದರು. ಸುರಿದೆ.

ಅದೇ ಮೂರನೇ ದಿನ ನಮ್ಮ ಅತ್ತೆ ಅಡುಗೆಮನೆಯಿಂದ ಕರೆದರು. "ಹೆಪ್ಪ್ ಹಾಕಿ ಒಂದ್ ದಿನ ಆಯ್ತ್, ಹಾಲ್ ಹಾಂಗೇ ಇತ್ತ್ ಕಾಣ್." ಮುಚ್ಚಳ ತೆಗೆದರೆ ನಿಜ. ನೀರುನೀರು ಹಾಲು, ಮೇಲೆ ತೆಳ್ಳಗಿನ ಕೆನೆ, ಹುಳಿಯ ವಾಸನೆಯೇ ಇಲ್ಲ. ಮಳೆಗಾಲದಲ್ಲಿ ಮೊಸರು ತಡವಾಗುವುದುಂಟು. ಆದರೆ ಇದು ತಡವಾದದ್ದಲ್ಲ. ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ, ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧ ಹಾಲಿನಲ್ಲಿದ್ದರೆ ಹೆಪ್ಪು ಸಾಯುತ್ತದೆ. ಕಾಯಿಸಿದ ಹಾಲಿಗೇ ನಾವು ಹೆಪ್ಪು ಹಾಕಿದ್ದು. ಕಾಯಿಸಿದರೆ ಸೂಕ್ಷ್ಮಾಣು ಸಾಯುತ್ತದೆ, ಆದರೆ ಹೆಚ್ಚಿನ ಆ್ಯಂಟಿಬಯೋಟಿಕ್‌ಗಳು ಮನೆಯ ಒಲೆಗೂ ಬಗ್ಗುವುದಿಲ್ಲ, ಡೈರಿಯ ಪಾಶ್ಚರೀಕರಣಕ್ಕೂ ಬಗ್ಗುವುದಿಲ್ಲ. ಆ ಪಾತ್ರೆಯ ಹಾಲನ್ನು ಚೆಲ್ಲಿದೆವು. ಆದರೆ ಅದೇ ದನದ್ದು, ಅದೇ ಹೊತ್ತು ಕರೆದದ್ದು, ಸಂಘದ ಕ್ಯಾನಿಗೆ ಆಗಲೇ ಹೋಗಿತ್ತು.

ಹಟ್ಟಿಯ ಮೂಲೆಯಲ್ಲಿ ಬೈಹುಲ್ಲಿನ ಅಡಿಗೆ ಅವರು ಬಿಸಾಡಿದ್ದ ಖಾಲಿ ಬಾಟಲಿ ಸಿಕ್ಕಿತು. ಅಕ್ಷರಗಳು ಎಳ್ಳಿನಷ್ಟು. ಮಗಳು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದಳು. ಕೊನೆಯ ಔಷಧ ಕೊಟ್ಟ ಮೇಲೆ ಏಳು ದಿನ ಹಾಲನ್ನು ಮನುಷ್ಯರಿಗೆ ಬಳಸಬಾರದು ಎಂದಿತ್ತು. ಇಂಗ್ಲಿಷಿನಲ್ಲಿ.

ಇದು ಕಂಪನಿಯವರು ದಯೆಯಿಂದ ಬರೆದದ್ದಲ್ಲ. ಆಹಾರ ಕೊಡುವ ಪ್ರಾಣಿಗಳಿಗೆ ಬಳಸುವ ಔಷಧದ ಲೇಬಲ್ಲಿನ ಮೇಲೆ ಈ ತಡೆಯ ಅವಧಿ ಇರಲೇಬೇಕು ಎಂದು 2012ರಲ್ಲಿ ಕೇಂದ್ರ ಸರ್ಕಾರ ಔಷಧ ನಿಯಮಗಳಿಗೆ ತಿದ್ದುಪಡಿ ಮಾಡಿದೆ. ಎಷ್ಟು ದಿನ ಎಂದು ಪರೀಕ್ಷೆಯಿಂದ ಖಚಿತವಾಗಿಲ್ಲದ ಔಷಧವಾದರೆ ಹಾಲಿಗೆ, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ಲೆಕ್ಕ ಶುರುವಾಗುವುದು ಕೊನೆಯ ಸೂಜಿಯಿಂದ. ನಮ್ಮಲ್ಲಿ ಬಹಳ ಮಂದಿ ಮೊದಲ ಸೂಜಿಯಿಂದ ಎಣಿಸುತ್ತಾರೆ. ಇನ್ನೊಂದು ಮಾತು, ಒಂದೇ ಮೊಲೆಗೆ ಟ್ಯೂಬ್ ಹಾಕಿದರೂ ನಾಲ್ಕೂ ಮೊಲೆಯ ಹಾಲನ್ನು ಬಿಡಬೇಕು, ಔಷಧ ರಕ್ತಕ್ಕೆ ಸೇರಿ ಉಳಿದ ಮೊಲೆಗೂ ಬರುತ್ತದೆ. ಕರುವಿಗೂ ಅದನ್ನು ಕುಡಿಸುವುದು ಒಳ್ಳೆಯದಲ್ಲ. ಕರುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳು ಆ ಔಷಧಕ್ಕೆ ಒಗ್ಗಿಕೊಂಡು ಗಟ್ಟಿಯಾಗುತ್ತವೆ.

"ಅಷ್ಟು ಹಾಲಿನಲ್ಲಿ ಎಲ್ಲಿ ಗೊತ್ತಾಗ್ತದೆ" ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಆಹಾರದ ಅಂತರರಾಷ್ಟ್ರೀಯ ಮಾನದಂಡವಾದ ಕೋಡೆಕ್ಸ್ ಪ್ರಕಾರ ಹಾಲಿನಲ್ಲಿ ಬೆಂಜೈಲ್ ಪೆನ್ಸಿಲಿನ್ ಎಂಬ ಆ್ಯಂಟಿಬಯೋಟಿಕ್ ಇರಬಹುದಾದ ಮಿತಿ ಲೀಟರಿಗೆ 4 ಮೈಕ್ರೋಗ್ರಾಂ. ಒಂದು ಗ್ರಾಂ ಪೆನ್ಸಿಲಿನ್ ಎರಡೂವರೆ ಲಕ್ಷ ಲೀಟರಿನಲ್ಲಿ ಹಂಚಿದರೆ ಈ ಮಿತಿಗೆ ಬರುತ್ತದೆ. ನಮ್ಮ ಸಂಘದ ಕ್ಯಾನ್ 40 ಲೀಟರಿನದ್ದು.

ಹಾಗೆಂದು ನಂದಿನಿ ಪ್ಯಾಕೆಟ್ ತೆಗೆದುಕೊಳ್ಳುವವರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಹಾಲಿನ 6,432 ಮಾದರಿಗಳನ್ನು ಪರೀಕ್ಷಿಸಿದಾಗ ಆ್ಯಂಟಿಬಯೋಟಿಕ್ ಮಿತಿ ಮೀರಿದ್ದು 77ರಲ್ಲಿ ಮಾತ್ರ. ನೂರಕ್ಕೆ ಒಂದು ಚಿಲ್ಲರೆ. (ಬೂಸ್ಟು ಹಿಡಿದ ಹಿಂಡಿಯಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಅದಕ್ಕಿಂತ ಹೆಚ್ಚು ಮಾದರಿಗಳಲ್ಲಿತ್ತು. ನಮ್ಮ ಮಳೆಗಾಲದಲ್ಲಿ ಹಿಂಡಿಯ ಚೀಲವನ್ನು ನೆಲಕ್ಕೆ ಇಡುವವರು ಅದನ್ನೂ ಯೋಚಿಸಬೇಕು, ಆದರೆ ಅದಕ್ಕೆ ಬೇರೆಯೇ ಪತ್ರ ಬೇಕು.) ಹಾಲು ಬಹುಪಾಲು ಚೆನ್ನಾಗಿಯೇ ಇದೆ. ಆ 77ರಲ್ಲಿ ನನ್ನಂಥವರ ಐದು ದಿನ ಸೇರಬಾರದು ಎನ್ನುವುದಷ್ಟೇ ನನ್ನ ಮಾತು.

ಬೆಳ್ಳಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಎರಡು ದಿನದಲ್ಲಿ ಬಾವು ಇಳಿಯಿತು, ನಾವು ಮುಂದಿನ ಸೂಜಿಗೆ ಕರೆಯಲಿಲ್ಲ, ದುಡ್ಡು ಉಳಿಯಿತು ಎಂದುಕೊಂಡೆವು. ಮೂರು ವಾರಕ್ಕೆ ಅದೇ ಮೊಲೆ ಮತ್ತೆ ಬಾತಿತು. ಈ ಸಲ ಸರ್ಕಾರಿ ಡಾಕ್ಟರಿಗೇ ಕಾದೆವು. ಅವರು ಸೂಜಿ ಕೈಗೆ ತೆಗೆದುಕೊಳ್ಳುವ ಮೊದಲು ಮೊಲೆಯ ತುದಿಯನ್ನು ಸ್ಪಿರಿಟಿನಲ್ಲಿ ಒರೆಸಿ, ಮೊದಲ ಧಾರೆಗಳನ್ನು ಬಿಟ್ಟು, ಪುಟ್ಟ ಬಾಟಲಿಗೆ ಹಾಲು ಹಿಡಿದು ಪ್ರಯೋಗಾಲಯಕ್ಕೆ ಕಳಿಸಿದರು. ನಾಲ್ಕನೇ ದಿನ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ದುಂಡಗಿನ ಗಾಜಿನ ತಟ್ಟೆ, ಅದರೊಳಗೆ ಬೆಳೆದ ಬ್ಯಾಕ್ಟೀರಿಯಾದ ಮಸುಕಾದ ಪದರ, ಅದರ ಮೇಲೆ ಒಂದೊಂದು ಔಷಧ ತಾಗಿಸಿದ ಬಿಂದಿಯಷ್ಟು ಕಾಗದದ ಚೂರುಗಳು. ಎರಡು ಚೂರುಗಳ ಸುತ್ತ ಸ್ವಚ್ಛವಾದ ಬಳೆ. ಉಳಿದ ಮೂರರ ಸುತ್ತ ಏನೂ ಇಲ್ಲ, ಮಸುಕು ಚೂರಿನ ಅಂಚಿನವರೆಗೂ ಬಂದು ಮುಟ್ಟಿತ್ತು. "ಬಳೆ ಇದ್ದದ್ದು ಕೆಲಸ ಮಾಡುವ ಔಷಧ. ನೀವು ಹೋದ ಸಲ ಕೊಡಿಸಿದ್ದು ಇದು" ಎಂದು ಬಳೆ ಇಲ್ಲದ ಒಂದನ್ನು ತೋರಿಸಿದರು. ಸರಿಯಾದ ಔಷಧ ಕೊಟ್ಟರೂ ಆ ಮೊಲೆ ಉಳಿಯಲಿಲ್ಲ. ಒಳಗೆ ಗಂಟು ಕಟ್ಟಿ ಬತ್ತಿತು. ಬೆಳ್ಳಿ ಈಗ ಮೂರು ಮೊಲೆಯ ದನ.

ಆ ಎರಡನೇ ಸಲ ನಾನು ಹಾಲನ್ನು ಸಂಘಕ್ಕೆ ತರಲಿಲ್ಲ. ಔಷಧದ ಮೂರು ದಿನ, ಆಮೇಲೆ ಏಳು ದಿನ, ಒಟ್ಟು ಹತ್ತು. ದಿನಕ್ಕೆ ಒಂಬತ್ತು ಲೀಟರಿನಂತೆ ತೊಂಬತ್ತು ಲೀಟರ್. ಲೀಟರಿಗೆ 36 ರೂಪಾಯಿ ಹಿಡಿದರೆ 3,240. ಸಂಘಕ್ಕೆ ಹಾಕದ ಹಾಲಿಗೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಇಲ್ಲ, ಅದು 450. ಒಟ್ಟು 3,690 ರೂಪಾಯಿಯ ಹಾಲನ್ನು ತೋಟದ ಬದಿಯ ಗುಂಡಿಗೆ ನನ್ನ ಕೈಯಾರೆ ಸುರಿದೆ. ಬೆಳಿಗ್ಗೆ ಐದಕ್ಕೆ ಎದ್ದು, ಮಳೆಯಲ್ಲಿ ಹುಲ್ಲು ಕೊಯ್ದು ತಂದು, ಹಿಂಡಿ ನೆನೆಸಿ, ಕರೆದು, ಆಮೇಲೆ ಸುರಿಯುವುದು. ಮೊದಲ ದಿನ ಅತ್ತೆ ನೋಡಲಾರದೆ ಒಳಗೆ ಹೋದರು. ಆ ಸಲದ ಬಟವಾಡೆಯಲ್ಲಿ ಹಿಂಡಿಯ ಬಾಕಿ ಕಳೆದು ನಮ್ಮ ಕೈಗೆ ಬಂದದ್ದು ಎಷ್ಟು ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಅಧ್ಯಕ್ಷರೇ, ನನ್ನ ದೂರು ಇರುವುದು ಇಲ್ಲಿ. ಮೊದಲ ಸಲ ನಾನು ತಪ್ಪು ಮಾಡಿದೆ, ಸಂಘ ನನಗೆ ದುಡ್ಡು ಕೊಟ್ಟಿತು. ಎರಡನೇ ಸಲ ಸರಿ ಮಾಡಿದೆ, ನನಗೆ 3,690 ರೂಪಾಯಿ ದಂಡ ಬಿತ್ತು. ನೀರು ಬೆರೆಸಿದರೆ ಹಾಲು ವಾಪಸು ಕಳಿಸುತ್ತೀರಿ, ಫ್ಯಾಟ್ ಕಡಿಮೆಯಾದರೆ ದರ ಇಳಿಸುತ್ತೀರಿ. ಔಷಧದ ಹಾಲಿನ ವಿಷಯದಲ್ಲಿ ನಿಮ್ಮ ಪುಸ್ತಕದಲ್ಲಿ ಒಂದು ಕಾಲಮ್ಮೂ ಇಲ್ಲ. ಮೂರು ದನ ಕಟ್ಟಿದ ಮನೆಯವರಿಗೆ ಹತ್ತು ದಿನದ ಹಾಲು ಎಂದರೆ ಮಕ್ಕಳ ಶಾಲೆಯ ವ್ಯಾನಿನ ಬಾಡಿಗೆ, ಸ್ವಸಹಾಯ ಸಂಘದ ಕಂತು. ಅವರ ಒಬ್ಬೊಬ್ಬರ ಆತ್ಮಸಾಕ್ಷಿಯ ಮೇಲೆ ಇಡೀ ಜಿಲ್ಲೆಯ ಹಾಲಿನ ಶುದ್ಧತೆಯನ್ನು ಹೊರಿಸಿ ನೀವು ಸುಮ್ಮನೆ ಕೂತಿದ್ದೀರಿ. ಇಷ್ಟಾದರೂ ಹಾಲು ಬಹುಪಾಲು ಚೆನ್ನಾಗಿದೆ ಎಂದರೆ, ಎಷ್ಟು ಮನೆಗಳಲ್ಲಿ ಹೆಂಗಸರು ಯಾರಿಗೂ ಹೇಳದೆ ಹಾಲು ಚೆಲ್ಲುತ್ತಿರಬೇಕು ಎಂದು ನನಗೆ ಅನಿಸುತ್ತದೆ.

ನಮ್ಮ ಕರಾವಳಿಯವರಿಗೆ ಈ ಪರೀಕ್ಷೆ ಹೊಸತೂ ಅಲ್ಲ. ಸಾಕಿದ ಸಿಗಡಿಯನ್ನು ಯುರೋಪಿಗೆ ಕಳಿಸುವವರನ್ನು ಕೇಳಿ ನೋಡಿ. ನಿಷೇಧಿಸಿದ ಆ್ಯಂಟಿಬಯೋಟಿಕ್ಕಿನ ಅಂಶ ಸಿಕ್ಕಿದರೆ ಸರಕು ಬಂದರಿನಲ್ಲೇ ನಿಲ್ಲುತ್ತದೆ. ಆ ಹೆದರಿಕೆಯಿಂದ ಅವರು ಕೆರೆಯಿಂದಲೇ ಲೆಕ್ಕ ಇಡುತ್ತಾರೆ. ನಮ್ಮ ಹಾಲು ಹಡಗು ಹತ್ತುವುದಿಲ್ಲ, ನಮ್ಮದೇ ಅಂಗನವಾಡಿಗೆ, ಹೋಟೆಲಿಗೆ, ಆಸ್ಪತ್ರೆಗೆ ಹೋಗುತ್ತದೆ.

ಔಷಧ ಬೇಡವೇ ಬೇಡ ಎಂದು ಹೇಳುವವಳು ನಾನಲ್ಲ. ಕೆಚ್ಚಲು ಬಾವು ಏರಿ ಜ್ವರದಲ್ಲಿ ಮಲಗಿದ ದನಕ್ಕೆ ಆ್ಯಂಟಿಬಯೋಟಿಕ್ ಕೊಡದಿರುವುದು ಹಿಂಸೆ. ಆದರೆ ನಮ್ಮೂರಲ್ಲಿ ಅದು ಎಲ್ಲದಕ್ಕೂ ಆಗಿಬಿಟ್ಟಿದೆ. ಮೇವು ತಿನ್ನದಿದ್ದರೆ ಅದು, ಕೆಮ್ಮಿದರೆ ಅದು, ಕರು ಹಾಕಿ ಕಸ (ಮಾಸು) ಬೀಳುವುದು ತಡವಾದರೆ ಅದು. ಉಣುಗಿನಿಂದ ಬರುವ ಥೈಲೇರಿಯಾ ಜ್ವರ ನಮ್ಮ ಮಿಶ್ರತಳಿ ದನಗಳಿಗೆ ದೊಡ್ಡ ಶತ್ರು. ಅದನ್ನು ತರುವುದು ಬ್ಯಾಕ್ಟೀರಿಯಾ ಅಲ್ಲ, ರಕ್ತದಲ್ಲಿ ಬೆಳೆಯುವ ಬೇರೆಯೇ ಜಾತಿಯ ಪರಾವಲಂಬಿ, ಅದಕ್ಕೆ ಬೇಕಾದದ್ದು ಬುಪಾರ್ವಾಕ್ವೋನ್ ಎಂಬ ಬೇರೆಯೇ ಔಷಧ. ಭುಜದ ಮುಂದಿನ ಗ್ರಂಥಿ ನಿಂಬೆಹಣ್ಣಿನಷ್ಟು ಬಾತಿದೆಯೇ ಎಂದು ಮುಟ್ಟಿ ನೋಡಿ, ಕಿವಿಯ ಅಂಚಿನಿಂದ ಒಂದು ತೊಟ್ಟು ರಕ್ತ ತೆಗೆದು ಸೂಕ್ಷ್ಮದರ್ಶಕದ ಅಡಿ ಇಟ್ಟರೆ ಗೊತ್ತಾಗುತ್ತದೆ. ನೆರೆಮನೆಯ ದನಕ್ಕೆ ನಾಲ್ಕು ದಿನ ಬರೀ ಆ್ಯಂಟಿಬಯೋಟಿಕ್ ಚುಚ್ಚಿದರು. ಐದನೇ ದಿನ ಡಾಕ್ಟರು ಬಂದು ರಕ್ತ ನೋಡುವಷ್ಟರಲ್ಲಿ ಕಣ್ಣಿನ ಒಳಗಿನ ಕೆಂಪು ಪೂರ್ತಿ ಬಿಳುಚಿತ್ತು. ದನ ಉಳಿಯಲಿಲ್ಲ.

ಕಾಲುಬಾಯಿ ಜ್ವರ, 2022ರಲ್ಲಿ ನಮ್ಮನ್ನು ನಿದ್ದೆಗೆಡಿಸಿದ ಚರ್ಮಗಂಟು ರೋಗ, ಇವೆರಡೂ ವೈರಸ್‌ನಿಂದ ಬರುವವು. ವೈರಸ್‌ಗೆ ಆ್ಯಂಟಿಬಯೋಟಿಕ್ ತಾಗುವುದಿಲ್ಲ, ಗಾಯಕ್ಕೆ ಬೇರೆ ಸೋಂಕು ಸೇರಿಕೊಂಡರೆ ಮಾತ್ರ ಡಾಕ್ಟರು ಕೊಡುತ್ತಾರೆ. ಇವಕ್ಕೆ ಇರುವ ದಾರಿ ಲಸಿಕೆ. 2013ರಲ್ಲಿ ಕಾಲುಬಾಯಿ ಜ್ವರ ಕರ್ನಾಟಕದಲ್ಲಿ ಸಾವಿರಾರು ದನಗಳನ್ನು ಕೊಂದದ್ದು ಮರೆತುಹೋಯಿತೇ? 2019ರಿಂದ ಕೇಂದ್ರದ ಕಾರ್ಯಕ್ರಮದಲ್ಲಿ ವರ್ಷಕ್ಕೆರಡು ಸಲ ಮನೆ ಬಾಗಿಲಿಗೇ ಬಂದು ಅದರ ಲಸಿಕೆಯನ್ನು ಉಚಿತವಾಗಿ ಹಾಕುತ್ತಾರೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುವಿಗೆ ಜೀವಮಾನಕ್ಕೊಂದೇ ಸಲ ಬ್ರುಸೆಲ್ಲಾ ಲಸಿಕೆಯೂ ಉಂಟು, ಗಬ್ಬ ಇಳಿಸುವ ಆ ರೋಗ ಮನುಷ್ಯರಿಗೂ ಬರುತ್ತದೆ. ಆದರೆ ಲಸಿಕೆಯವರು ಬರುವ ದಿನ ನಮ್ಮಲ್ಲಿ ಕೆಲವರು ದನವನ್ನು ಹಾಡಿಗೆ ಅಟ್ಟಿ ಬಾಗಿಲು ಹಾಕಿಕೊಳ್ಳುತ್ತಾರೆ. ಎರಡು ದಿನ ಹಾಲು ಕಮ್ಮಿಯಾಗುತ್ತದಂತೆ. ಪುಕ್ಕಟೆ ಬರುವ, ಕೆಲಸ ಮಾಡುವ ಸೂಜಿ ಬೇಡ. ಏಳುನೂರು ಕೊಟ್ಟು ಕೆಲಸ ಮಾಡದ ಸೂಜಿ ಬೇಕು. ಇದರಲ್ಲಿ ನಿಮ್ಮ ತಪ್ಪಿಲ್ಲ, ನಮ್ಮದೇ.

ಬೆಳ್ಳಿಯ ನಂತರ ನಮ್ಮ ಹಟ್ಟಿಯಲ್ಲಿ ನಾಲ್ಕೈದು ಬದಲಾವಣೆ ಮಾಡಿದೆ. ನಮ್ಮ ಕಡೆ ಹಟ್ಟಿಗೆ ಸೊಪ್ಪು ಹಾಸುವುದು ಪದ್ಧತಿ. ತೋಟಕ್ಕೆ ಅದರಷ್ಟು ಒಳ್ಳೆಯ ಗೊಬ್ಬರ ಇಲ್ಲ, ಅದನ್ನು ಬಿಡಲು ಮನೆಯವರು ಒಪ್ಪುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆಸಾಡಿಯಲ್ಲಿ ಆ ಸೊಪ್ಪು ಸೆಗಣಿ ಗಂಜಳ ಸೇರಿ ಕೆಸರಾಗುತ್ತದೆ, ಕೆಚ್ಚಲು ಅದರಲ್ಲೇ ಊರುತ್ತದೆ. ಈಗ ಕರೆಯುವ ದನಗಳಿಗೆ ಒಣ ಜಾಗ ಬೇರೆ, ಸೊಪ್ಪಿನ ಹಟ್ಟಿ ಕಡಸಿಗೆ, ಬತ್ತಿದ ದನಕ್ಕೆ. ಕರೆದಾದ ಕೂಡಲೇ ಮೊಲೆಯ ತುದಿಗಳನ್ನು ಅಯೋಡಿನ್ ದ್ರಾವಣದ ಪುಟ್ಟ ಕಪ್ಪಿನಲ್ಲಿ ಅದ್ದುತ್ತೇನೆ, ಮತ್ತು ಆಗಲೇ ಹುಲ್ಲು ಹಾಕುತ್ತೇನೆ. ಕರೆದ ಮೇಲೆ ಅರ್ಧ ಮುಕ್ಕಾಲು ಗಂಟೆ ಮೊಲೆಯ ತೂತು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಎದುರಿಗೆ ಹುಲ್ಲಿದ್ದರೆ ದನ ಅಷ್ಟು ಹೊತ್ತು ನಿಂತೇ ಇರುತ್ತದೆ. ಮೊದಲು ನಾನು ಹುಲ್ಲು ಹಾಕಿ ಕರೆಯುತ್ತಿದ್ದೆ. ಹಿಂದು ಮುಂದಾದದ್ದಷ್ಟೇ, ಖರ್ಚೇನೂ ಇಲ್ಲ. ಬಾವು ಬಂದು ಹೋದ ದನವನ್ನು ಕೊನೆಗೆ ಕರೆಯುತ್ತೇನೆ, ಒಂದರ ಸೋಂಕು ನನ್ನ ಕೈಯಿಂದಲೇ ಇನ್ನೊಂದಕ್ಕೆ ಹೋಗದಿರಲಿ ಎಂದು.

ತಿಂಗಳಿಗೊಮ್ಮೆ ಸಿಎಂಟಿ, ಅಂದರೆ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್ ಎಂಬ ಕೆಚ್ಚಲು ಬಾವಿನ ಪರೀಕ್ಷೆ, ಮಾಡಿ ನೋಡುತ್ತೇನೆ. ನಾಲ್ಕು ಗುಳಿಗಳ ಬಿಳಿ ಪ್ಲಾಸ್ಟಿಕ್ ತಟ್ಟೆ. ಒಂದೊಂದು ಮೊಲೆಯದ್ದು ಒಂದೊಂದು ಗುಳಿಗೆ ಕರೆದು, ಅಷ್ಟೇ ಪ್ರಮಾಣದ ದ್ರಾವಣ ಹಾಕಿ, ತಟ್ಟೆಯನ್ನು ಮೆಲ್ಲಗೆ ಸುತ್ತಿಸುವುದು. ಚೆನ್ನಾಗಿದ್ದ ಹಾಲು ನೀರಿನ ಹಾಗೆ ಹರಿದಾಡುತ್ತದೆ. ಕಣ್ಣಿಗೆ ಕಾಣದ ಬಾವು ಇದ್ದರೆ ಹತ್ತು ಸೆಕೆಂಡಿನಲ್ಲಿ ಹಾಲು ಲೋಳೆಯಾಗಿ, ಲೋಳೆಸರ ಒಡೆದಾಗ ಬರುವ ಅಂಟಿನ ಹಾಗೆ ಗುಳಿಯ ನಡುವೆ ಗುಡ್ಡೆ ಕಟ್ಟುತ್ತದೆ. ದ್ರಾವಣ ಸೋಪಿನ ಜಾತಿಯದ್ದು, ಸೋಂಕಿನ ವಿರುದ್ಧ ಹೋರಾಡಲು ಬಂದ ಜೀವಕೋಶಗಳನ್ನು ಅದು ಒಡೆಯುತ್ತದೆ, ಅವುಗಳೊಳಗಿನ ಅಂಶವೇ ಲೋಳೆಯಾಗುವುದು. ಕ್ಯಾಲಿಫೋರ್ನಿಯಾದಲ್ಲಿ 1957ರಲ್ಲೇ ಕಂಡುಹಿಡಿದ ಪರೀಕ್ಷೆ. ನಮ್ಮೂರಿಗೆ ಬರಲು ಇನ್ನೆಷ್ಟು ವರ್ಷ ಬೇಕು? ಹಾಲಿನಲ್ಲಿ ಚೂರು ಕಾಣುವ ಮೊದಲೇ ಗೊತ್ತಾದರೆ, ಬಹಳ ಸಲ ಆ್ಯಂಟಿಬಯೋಟಿಕ್ ಇಲ್ಲದೆಯೇ ಹಿಡಿತಕ್ಕೆ ತರಬಹುದು. ರಾಷ್ಟ್ರೀಯ ಹೈನುಗಾರಿಕಾ ಅಭಿವೃದ್ಧಿ ಮಂಡಳಿಯವರು ಹೇಳಿಕೊಡುವ ಲೇಪ ಇದೆಯಲ್ಲ, ಲೋಳೆಸರ 250 ಗ್ರಾಂ, ಅರಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ನೀರು ಮಾಡಿ ದಿನಕ್ಕೆ ಎಂಟು ಹತ್ತು ಸಲ ಕೆಚ್ಚಲಿಗೆ ಹಚ್ಚುವುದು, ಅದು ನನ್ನ ಇನ್ನೊಂದು ದನಕ್ಕೆ ಒಮ್ಮೆ ಗುಣ ಕೊಟ್ಟಿದೆ. ಆದರೆ ಜ್ವರ ಏರಿದ ದನಕ್ಕೆ ಬರೀ ಅರಶಿನ ಹಚ್ಚಿಕೊಂಡು ಕೂರಬೇಡಿ, ಡಾಕ್ಟರನ್ನು ಕರೆಯಿರಿ.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ನನ್ನ ಬೇಡಿಕೆ.

ಎಲ್ಲಕ್ಕಿಂತ ಮೊದಲು, ಡಾಕ್ಟರ ಚೀಟಿಯ ಪ್ರಕಾರ ತಡೆದಿಟ್ಟ ಹಾಲಿಗೆ ಸಂಘದಿಂದ ಅರ್ಧ ದರವಾದರೂ ಕೊಡಿ. ಪ್ರತಿ ಲೀಟರಿಗೆ ಕೆಲವು ಪೈಸೆ ಎಲ್ಲ ಸದಸ್ಯರಿಂದ ಹಿಡಿದು ಒಂದು ನಿಧಿ ಮಾಡಿ, ಕಟ್ಟಡ ನಿಧಿಗೆ ಹಿಡಿಯುವ ಹಾಗೆ. ಸುಳ್ಳು ಚೀಟಿ ತರುತ್ತಾರೆ ಎನ್ನುತ್ತೀರಿ, ಗೊತ್ತು. ನಮ್ಮ ದನಗಳ ಕಿವಿಯಲ್ಲಿ ಹಳದಿ ಓಲೆ ಇದೆ, ಅದರಲ್ಲಿ 12 ಅಂಕಿಯ ಸಂಖ್ಯೆ ಇದೆ. ಚೀಟಿಯಲ್ಲಿ ಆ ಸಂಖ್ಯೆ, ಔಷಧದ ಹೆಸರು, ಕೊನೆಯ ಸೂಜಿಯ ತಾರೀಕು ಇರಲಿ. ಆ ದಿನಗಳಲ್ಲಿ ಆ ಮನೆಯ ಹಾಲು ಅಷ್ಟು ಲೀಟರ್ ಕಡಿಮೆ ಬಂದಿದೆಯೇ ಎಂದು ನಿಮ್ಮದೇ ಕಂಪ್ಯೂಟರ್ ಹೇಳುತ್ತದೆ. ಸುಳ್ಳು ಹೇಳಿ ಅರ್ಧ ದರ ಪಡೆಯುವುದಕ್ಕಿಂತ ಹಾಲು ಹಾಕಿ ಪೂರ್ತಿ ದರ ಪಡೆಯುವುದೇ ಲಾಭ ಅಲ್ಲವೇ? ಹಾಗಾಗಿ ಮೋಸ ಮಾಡಲು ಇದು ಅಂಥ ಒಳ್ಳೆಯ ದಾರಿಯೂ ಅಲ್ಲ.

ಹಾಲು ಅಳೆಯುವ ಕಡೆ ಒಂದು ಮಾತು ಕೇಳುವ ಅಭ್ಯಾಸ ಆಗಲಿ, "ದನಕ್ಕೆ ಔಷಧ ಏನಾದರೂ ನಡೀತಿದೆಯಾ?" ಉಂಟು ಎಂದವರನ್ನು ಸಾಲಿನೆದುರು ಅವಮಾನ ಮಾಡಬೇಡಿ, "ಹಾಕಿ ಹಾಕಿ" ಎಂದೂ ಹೇಳಬೇಡಿ. ಹಿಂಡಿ, ಖನಿಜ ಮಿಶ್ರಣ ಮಾರುವ ಕಪಾಟಿನಲ್ಲೇ ಸಿಎಂಟಿ ದ್ರಾವಣವನ್ನೂ ಮೊಲೆ ಅದ್ದುವ ಅಯೋಡಿನ್ನನ್ನೂ ಇಡಿ. ನಮ್ಮ ತಾಲೂಕಿನವರಿಗೆ ಬ್ರಹ್ಮಾವರದಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ಅಲ್ಲಿಯವರನ್ನೋ ಇಲಾಖೆಯ ಡಾಕ್ಟರನ್ನೋ ಕರೆಸಿ, ಕರೆಯುವ ಕೈಗಳಿಗೆ ತೋರಿಸಿಕೊಡಲು ಹೇಳಿ. ಕರೆಯುವ ಕೈ ಎಂದರೆ ಹೆಚ್ಚಾಗಿ ಹೆಂಗಸರದ್ದು. ತರಬೇತಿ ಎಂದರೆ ಗಂಡಸರು ಹೋಗಿ ಊಟ ಮಾಡಿ ಬರುವುದು ಬೇಡ. ಸಂಘದ ಗೋಡೆಯ ಮೇಲೆ 1962 ಎಂದು ದೊಡ್ಡದಾಗಿ ಬರೆಸಿ. ದನಗಳ ಆ್ಯಂಬುಲೆನ್ಸ್ ಆದ ಪಶು ಸಂಜೀವಿನಿ ವಾಹನಕ್ಕೆ ಆ ನಂಬರಿಗೆ ಕರೆ ಮಾಡಬಹುದೆಂದು ನಮ್ಮ ಓಣಿಯಲ್ಲಿ ನಾಲ್ಕು ಮನೆಗೆ ಗೊತ್ತಿರಲಿಲ್ಲ.

ಪಶುವೈದ್ಯರಲ್ಲೂ ಒಂದು ವಿನಂತಿ. ನಿಮ್ಮ ಮೇಲಿನ ಹೊರೆ ನಮಗೆ ಕಾಣುತ್ತದೆ, ಮೂರು ಆಸ್ಪತ್ರೆಗೆ ಒಬ್ಬರೇ ಓಡುವಾಗ ಭಾನುವಾರ ಬೆಳಿಗ್ಗೆ ಬರಲಿಲ್ಲ ಎಂದು ದೂರಲು ಮನಸ್ಸಿಲ್ಲ. ಖಾಲಿ ಹುದ್ದೆ ತುಂಬಿ ಎಂದು ಸರ್ಕಾರವನ್ನು ಕೇಳುವಾಗ ನಮ್ಮನ್ನೂ ಸೇರಿಸಿಕೊಳ್ಳಿ, ಸಹಿ ಹಾಕುತ್ತೇವೆ. ಆದರೆ ಔಷಧ ಕೊಟ್ಟ ದಿನ ಚೀಟಿಯಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದು ಹೋಗಿ: ಇಂಥ ತಾರೀಕಿನವರೆಗೆ ಹಾಲು ಹಾಕಬಾರದು. ಅಕ್ಕಂದಿರಿಗೆ ಔಷಧದ ಹೆಸರು ನೆನಪಿರುವುದಿಲ್ಲ, ತಾರೀಕು ನೆನಪಿರುತ್ತದೆ.

ಬ್ಯಾಗಿನಲ್ಲಿ ಸೂಜಿ ಹಿಡಿದು ತಿರುಗುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಔಷಧಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕಾನೂನೇ ಇದೆ. ಅವರಿಗೆ ಪೆಟ್ಟಿಗೆಗಟ್ಟಲೆ ಎಲ್ಲಿಂದ ಸಿಗುತ್ತದೆ ಎಂದು ನೋಡುವುದು ನನ್ನ ಕೆಲಸವಲ್ಲ, ನೋಡಬೇಕಾದವರು ಇದ್ದಾರೆ. ನಿಮ್ಮಿಂದ ಆಗುವುದು ಇಷ್ಟು, ಸಂಘದ ಪಡಸಾಲೆಯಲ್ಲಿ ಕೂತು ಅವರ ಫೋನ್ ನಂಬರ್ ಹಂಚುವುದನ್ನು ನಿಲ್ಲಿಸಿ.

ಈ ವರ್ಷದ ಮಹಾಸಭೆಯ ನೋಟಿಸ್ ಇನ್ನೂ ಬಂದಿಲ್ಲ. ಬರೆಯುವಾಗ ಈ ವಿಷಯಕ್ಕೆ ಕಾರ್ಯಸೂಚಿಯಲ್ಲಿ ಅದರದೇ ಒಂದು ಸಂಖ್ಯೆ ಕೊಡಿ, ಬೋನಸ್ ಘೋಷಣೆಗಿಂತ ಮೇಲೆ. ಬೆಳ್ಳಿ ಈಗ ಏಳು ತಿಂಗಳ ಗಬ್ಬ, ಹಾಲು ಬತ್ತಿಸಿದ್ದೇವೆ. ಆ ಹೊತ್ತಿಗೆ ಕರು ಹಾಕಿರುತ್ತದೆ. ಸಿಎಂಟಿ ತಟ್ಟೆಯನ್ನೂ ಒಂದು ಬಾಟಲಿ ಹಾಲನ್ನೂ ನಾನೇ ತರುತ್ತೇನೆ. ಊಟಕ್ಕೆ ಏಳುವ ಮೊದಲು ಹತ್ತು ನಿಮಿಷ ಕೊಟ್ಟರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಹಾಲು ಹಾಕುವ ಒಬ್ಬಳು ಸದಸ್ಯೆ,
ಬ್ರಹ್ಮಾವರ ತಾಲೂಕು